ಮಣ್ಣೆತ್ತು, ಕುಂಟೆತ್ತು: ಸುರೇಬಾನ ಸೀಮೆಯ ಮನೆಗಲಿಕೆ ಕುರಿತು ಒಂದು ಜಿಜ್ಞಾಸೆ

ಎಳೆಯ ಮಕ್ಕಳ ಆಟ-ಕಲಿಕೆಯ ಚರಿತ್ರೆ ನಮ್ಮಲ್ಲಿ ಸಾಮಾನ್ಯವಾಗಿ ಒಂದೇ ಜಾಡು ಹಿಡಿಯುತ್ತದೆ: 1837ರಲ್ಲಿ ಬ್ಲಾಂಕೆನ್‌ಬರ್ಗ್‌ನಲ್ಲಿ ಫ್ರೋಬೆಲ್ ತೆರೆದ ಶಿಶುಶಾಲೆ, 1920ರಲ್ಲಿ ಗಿಜುಭಾಯಿ ಬಧೇಕರು ಭಾವನಗರದಲ್ಲಿ ಕಟ್ಟಿದ ಬಾಲಮಂದಿರ, 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಮೊಳೆತ ನಲಿ-ಕಲಿ, 2022ರ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು. ಈ ವಂಶಾವಳಿಯ ಬಗ್ಗೆ ತಕರಾರಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಕಡ್ಡಾಯ 6ರಿಂದ 14ರ ವಯಸ್ಸಿನದು. ಅದಕ್ಕೂ ಮುಂಚಿನ ವರ್ಷಗಳು ಅಂಗನವಾಡಿಗೂ ಮನೆಗೂ ಸೇರಿದವು ಎಂಬುದೂ ಒಪ್ಪಿತವೇ.

ತಕರಾರು ಇರುವುದು ಮಾನವಶಾಸ್ತ್ರಜ್ಞ ಡೇವಿಡ್ ಲ್ಯಾನ್ಸಿಯವರ ವಾದದಲ್ಲಿ. ತಾಯಿ ಮಗುವಿನೊಡನೆ ಆಡುವುದು ಎಲ್ಲ ಸಮಾಜಗಳ ಸಹಜ ನಡೆಯಲ್ಲ, ಅದು ಬಹುಮಟ್ಟಿಗೆ ಆಧುನಿಕ, ಓದಿದ ಕುಟುಂಬಗಳ ರೂಢಿ ಎಂದು ಅವರು 2007ರಲ್ಲಿ ವಾದಿಸಿದರು. ಹಳ್ಳಿಗಾಡಿನ ಮಗು ಓರಗೆಯವರೊಡನೆ ಆಡುತ್ತದೆ, ದೊಡ್ಡವರ ಕೆಲಸವನ್ನು ನೋಡಿ ಕಲಿಯುತ್ತದೆ ಎಂಬುದು ಅದರ ತಿರುಳು. ರಾಮದುರ್ಗ ತಾಲೂಕಿನ ಸುರೇಬಾನದಂಥ ಊರಲ್ಲಿ ಈ ಮಾತು ಮೇಲ್ನೋಟಕ್ಕೆ ನಿಜವೆನಿಸುತ್ತದೆ. ಮಗ್ಗದ ಮುಂದೆಯೋ ಹೊಲದಲ್ಲೋ ಇರುವ ಅವ್ವನಿಗೆ ಆಡಲು ಪುರುಸೊತ್ತೆಲ್ಲಿ?

ಮಲಪ್ರಭೆಯ ಬಯಲಿಗೆ ಸಾಮಾನ್ಯವಾದ ಮಣ್ಣೆತ್ತಿನ ಅಮವಾಸ್ಯೆಯನ್ನು ಇಲ್ಲಿ ಸಾಕ್ಷ್ಯವಾಗಿ ಮುಂದಿಡುತ್ತೇನೆ. ಜ್ಯೇಷ್ಠದ ಆ ದಿನ ಹಿರಿಯರು ಮಣ್ಣು ಕಲಸಿ ಜೋಡೆತ್ತು ಮಾಡಿ, ಗ್ವಾದಲಿ (ಮೇವಿನ ತೊಟ್ಟಿ) ಇಟ್ಟು ಪೂಜಿಸುತ್ತಾರೆ. ಪಕ್ಕದಲ್ಲಿ ಕೂತ ಮಗುವಿನ ಕೈಗೂ ಒಂದು ಮುದ್ದೆ ಬರುತ್ತದೆ. ಎರೆಮಣ್ಣು ಒಣಗುತ್ತಲೇ ಕುಗ್ಗಿ ಬಿರಿಯುವಂಥದ್ದು. ಕಾಲು ಮೈಗೆ ಕೂಡುವ ಕಡೆಯೇ ಮೊದಲು ಬಿಡುವುದು. ನೀರೆಷ್ಟು, ಕಾಲು ಎಷ್ಟು ದಪ್ಪ ಎಂಬುದನ್ನು ಬೆರಳೇ ಕಲಿಯಬೇಕು. ಹಬ್ಬ ಕಳೆದ ಮೇಲೆ ಹುಡುಗರು ಒಂದು ಕುಂಟೆತ್ತು, ಅಂದರೆ ಕಾಲು ಮುರಿದ ಮಣ್ಣೆತ್ತು, ಹೊತ್ತು ಮನೆಮನೆಗೆ ಹೋಗಿ, ಹಾಡಿ, ಜೋಳ ಬೇಡುತ್ತಾರೆ. ಕೂಡಿದ್ದರಲ್ಲಿ ತಿನಿಸು ತಂದು ಹಂಚಿಕೊಳ್ಳುವುದೂ ಉಂಟು. ಎಣಿಕೆ, ಅಳತೆ, ಪಾಲು ಎಲ್ಲವೂ ಅದರೊಳಗೇ ಬಂತು.

ಇದು ಲ್ಯಾನ್ಸಿಯವರಿಗೇ ಬಲ ಕೊಡುವುದಿಲ್ಲವೇ? ಹಿರಿಯರ ಎತ್ತು ಪೂಜೆಯದು, ಹುಡುಗರ ಎತ್ತು ಆಟದ್ದು, ಇವೆರಡೂ ಎಲ್ಲೂ ಕೂಡುವುದಿಲ್ಲ ಎನ್ನಬಹುದು. ಕೂಡುವ ಜಾಗವೊಂದಿದೆ: ಹೊಸ್ತಿಲು. ಮೊರದಲ್ಲಿ ಜೋಳ ತರುವ ಅಜ್ಜಿಗೆ ಹುಡುಗರ ಎತ್ತು ಮಣ್ಣಿನದೆಂದು ಗೊತ್ತು. ಆದರೂ ಅವಳು ಕಾಳು ನೀಡುವುದು ಮೇವಿಲ್ಲದ ಕುಂಟ ಎತ್ತಿಗೆ. ಹುಡುಗರು ಹೂಡಿದ ಸೋಗಿಗೆ ಅವಳು ತನ್ನ ಪಾಲಿನ ನಡೆ ನಡೆಸಿದಳು. ಆ ಗಳಿಗೆಯ ಮಟ್ಟಿಗೆ ಅವಳೂ ಆಟಗಾರ್ತಿ.

ಇದಕ್ಕಿಂತ ಮುಂದಕ್ಕೆ ಒಂದು ಹೆಜ್ಜೆ ಇಡಬಯಸುತ್ತೇನೆ, ಅಳುಕಿನಿಂದಲೇ. ಕಾಲು ಮುರಿದ ಎತ್ತು ಪೂಜೆಗೆ ಸಲ್ಲದು. ಆಟದಲ್ಲಿ ಮಾತ್ರ ಅದೇ ನಾಯಕ. ಎಳೆಗೈಯ ತಪ್ಪಿಗೆ ಈ ಆಚರಣೆ ಒಂದು ಕೆಲಸ ಕೊಡುತ್ತದೆ, ಬಹುಶಃ ಇದೇ ಅದರ ಶಿಕ್ಷಣಕ್ರಮ. ಯಾರೋ ಹೀಗೆಂದು ಯೋಚಿಸಿ ಆಚರಣೆಯನ್ನು ರೂಪಿಸಿದರು ಎಂದು ನಾನು ಹೇಳುತ್ತಿಲ್ಲ. ಮೂಲದ ಮಾತು ಬೇರೆ, ಫಲದ ಮಾತು ಬೇರೆ. ಹುಡುಗರು ಬೇಕೆಂದೇ ಕುಂಟು ಮಾಡಿದ ಎತ್ತಿಗೆ ಈ ವಾದ ಅಷ್ಟಾಗಿ ಹೊಂದದು. ಕುಂಬಾರರೇ ಮನೆಮನೆಗೆ ಎತ್ತು ಕೊಟ್ಟು ಕಾಳು ಪಡೆಯುವ ಊರುಗಳಲ್ಲಿ ಹಿರಿಯರ ಪಕ್ಕ ಕೂತು ಕಲಿಯುವ ಭಾಗ ಸಡಿಲವಾಗುತ್ತದೆ. ಹೊಸ್ತಿಲಲ್ಲಿ ನೀಡಿದ್ದು ಬರೀ ದಾನ ಎಂಬ ಆಕ್ಷೇಪವೂ ನಿಲ್ಲಬಲ್ಲದು. ನೀಡುವವರು ಎತ್ತನ್ನು ಮಾತಾಡಿಸುತ್ತಾರೋ ಹುಡುಗನನ್ನೋ ಎಂಬುದರ ಮೇಲೆ ಅದು ತೀರ್ಮಾನವಾಗಬೇಕು.

ಲ್ಯಾನ್ಸಿಯವರ ಮಾತು ಇದರಿಂದ ಬಿದ್ದುಹೋಗುವುದಿಲ್ಲ, ದಿನನಿತ್ಯಕ್ಕೆ ಅದು ಸಲ್ಲಲಿ. ಹಬ್ಬದ ದಿನಗಳನ್ನು ಲೆಕ್ಕಕ್ಕೆ ಹಿಡಿದರೆ ತಿದ್ದುಪಡಿ ಬೇಕು ಎಂಬುದಷ್ಟೇ ನನ್ನ ವಾದ. ಕುಂಟೆತ್ತು ಹೆಚ್ಚಾಗಿ ಹುಡುಗರದು. ಆಷಾಢದ ಮಂಗಳವಾರಗಳಲ್ಲಿ ಗುಲಗಂಜಿ, ಕುಸುಬಿ ಕಾಳು ಚುಚ್ಚಿ ಸಿಂಗರಿಸುವ ಮಣ್ಣಿನ ಗುಳ್ಳವ್ವ ಹುಡುಗಿಯರದು. ಅಲ್ಲಿ ಮುರಿದದ್ದಕ್ಕೆ ಇಂಥದೇ ಜಾಗವಿದೆಯೇ ಎಂಬ ಪ್ರಶ್ನೆಯನ್ನು ಮುಂದಿನವರಿಗೆ ಬಿಡುತ್ತೇನೆ.