ಹುತ್ತದ ಅಣಬೆ

ಹುತ್ತದ ಅಣಬೆ ಎಂಬುದು ಗೆದ್ದಲುಗಳ ಗೂಡಿನಲ್ಲಿ ಅವುಗಳೊಂದಿಗೆ ಸಹಜೀವನ ನಡೆಸುವ, ಟೋಪಿಯ ಅಡಿಯಲ್ಲಿ ಕಿವಿರುಗಳೆಂಬ ತೆಳು ಹಾಳೆಗಳ ಸಾಲುಳ್ಳ, ತಿನ್ನಲು ಯೋಗ್ಯವಾದ ಕಾಡು ಅಣಬೆ. ಲಯೊಫಿಲೇಸಿ ಕುಟುಂಬದ ಟರ್ಮಿಟೊಮೈಸಿಸ್ ಕುಲಕ್ಕೆ ಸೇರಿದ ಇದು ಆಫ್ರಿಕ ಮತ್ತು ಏಷ್ಯಗಳ ಉಷ್ಣವಲಯದಲ್ಲಿ ಹರಡಿದ್ದು, ಪಶ್ಚಿಮ ಘಟ್ಟದ ಕಾಡುಗಳಲ್ಲಿ ಮಳೆಗಾಲದಲ್ಲಿ ಕಾಣಿಸಿಕೊಳ್ಳುತ್ತದೆ. ಫ್ರಾನ್ಸಿನ ಶಿಲೀಂಧ್ರಶಾಸ್ತ್ರಜ್ಞ ರೋಜೆ ಎಮ್ 1942ರಲ್ಲಿ ಈ ಕುಲವನ್ನು ಸ್ಥಾಪಿಸಿದನು. ಕೆಲಸಗಾರ ಗೆದ್ದಲುಗಳು ಸಸ್ಯಾವಶೇಷವನ್ನು ತಿಂದು ಹಾಕಿದ ಹಿಕ್ಕೆಯಿಂದ ಕಟ್ಟಿದ ರಂಧ್ರಮಯ ತಟ್ಟೆಯ ಮೇಲೆ ಶಿಲೀಂಧ್ರವು ಬೆಳೆದು, ಅವು ಅರಗಿಸಲಾರದ ಲಿಗ್ನಿನ್ನನ್ನು ಒಡೆದು ಆಹಾರ ಒದಗಿಸುತ್ತದೆ.

ಟೋಪಿಯ ನಡುವಿನ ಗಟ್ಟಿಯಾದ ಮೊನೆ, ಕಾಂಡಕ್ಕೆ ಅಂಟದ ಬಿಳಿಯ ಕಿವಿರು, ನಸುಗುಲಾಬಿ ಬೀಜಕರಾಶಿ ಇದರ ಲಕ್ಷಣಗಳಾದರೂ, ಅತ್ಯಂತ ನಂಬಲರ್ಹವಾದ ಗುರುತೆಂದರೆ ಕಾಂಡದ ಬುಡದಿಂದ ನೆಲದೊಳಗಿನ ಗೂಡಿನವರೆಗೆ ಇಳಿಯುವ, ಮಿಥ್ಯಾಮೂಲವೆಂಬ ಬೇರಿನಂಥ ನೀಳ ಭಾಗ. ಆದ್ದರಿಂದ ಗುರುತಿಸಲು ಅಣಬೆಯನ್ನು ನೆಲಮಟ್ಟದಲ್ಲಿ ಕೊಯ್ಯದೆ ಬುಡಸಹಿತ ಅಗೆದು ತೆಗೆಯುವುದು ಅವಶ್ಯ. ಗೆದ್ದಲುಗಳು ಹೊರತಂದು ಹರಡಿದ ತಟ್ಟೆಯ ಚೂರುಗಳ ಮೇಲೆ ಗುಂಪುಗುಂಪಾಗಿ ಏಳುವ ಪುಟ್ಟ ಮೈಕ್ರೊಕಾರ್ಪಸ್ ಪ್ರಭೇದದಲ್ಲಿ ಈ ನೀಳಭಾಗವಿರುವುದಿಲ್ಲ. ಮಾರಕ ಅಮಾನಿಟ ಪ್ರಭೇದಗಳನ್ನು ಬುಡದ ಚೀಲದಂಥ ಹೊದಿಕೆ ಮತ್ತು ಬಿಳಿಯ ಬೀಜಕಗಳಿಂದ, ವಿಷಕಾರಿ ಕ್ಲೋರೊಫಿಲಮ್ ಮಾಲಿಬ್ಡೈಟಿಸ್ ಅನ್ನು ಹಸಿರು ಬೀಜಕಗಳಿಂದ ಬೇರ್ಪಡಿಸಬಹುದು. ಎಂಟೊಲೊಮ ಎಂಬ ವಿಷಕಾರಿ ಅಣಬೆಗಳ ಬೀಜಕವೂ ಗುಲಾಬಿಯಾದುದರಿಂದ ಬಣ್ಣವೊಂದನ್ನೇ ಆಧರಿಸುವುದು ಅಪಾಯಕರ. ಹುತ್ತದ ಅಣಬೆಗಳಲ್ಲಿ ಜಾಂಬಿಯದ ಟೈಟಾನಿಕಸ್ ಪ್ರಭೇದದ ಟೋಪಿ ಸುಮಾರು 1 ಮೀಟರ್ ಅಗಲಕ್ಕೆ ಬೆಳೆಯಬಲ್ಲದು.