ಕಾರಿನ ಕಂಪ್ಯೂಟರ್ ವ್ಯವಸ್ಥೆಗಳು: ಸುರಕ್ಷತೆ ಮತ್ತು ವಿಶ್ವಾಸಾರ್ಹತೆಯ ಇತಿಹಾಸ

ಇಂದಿನ ಕಾರಿನಲ್ಲಿ ಎಂಜಿನ್, ಬ್ರೇಕ್, ಏರ್‌ಬ್ಯಾಗ್‌ಗಳನ್ನು ಇಸಿಯು ಎಂದು ಕರೆಯುವ ಪುಟ್ಟ ಕಂಪ್ಯೂಟರ್‌ಗಳು ನಿಯಂತ್ರಿಸುತ್ತವೆ. ಅವು ಕೈಕೊಟ್ಟಾಗಲೂ ಒಳಗೆ ಕೂತವರ ಜೀವಕ್ಕೆ ಕುತ್ತು ಬರದಂತೆ ನೋಡಿಕೊಳ್ಳುವ ಪ್ರಯತ್ನಗಳು, ಆ ಪ್ರಯತ್ನಗಳು ಸೋತಾಗ ಎದ್ದ ವಿವಾದಗಳು ಮತ್ತು ಅವುಗಳಿಂದ ಹುಟ್ಟಿದ ನಿಯಮಗಳು ಈ ಲೇಖನದ ವಿಷಯ. ಈ ಇತಿಹಾಸವನ್ನು ಹೊಸ ಹೊಸ ಸಾಧನಗಳ ಆಗಮನದ ಕಥೆಯಾಗಿ ಹೇಳುವುದು ರೂಢಿ. ಆದರೆ ಇದರುದ್ದಕ್ಕೂ ಮತ್ತೆ ಮತ್ತೆ ಎದುರಾಗುವುದು ಪುರಾವೆಯ ಪ್ರಶ್ನೆ. ಮುರಿದ ಕಬ್ಬಿಣ ಸಾಕ್ಷಿ ಉಳಿಸಿ ಹೋಗುತ್ತದೆ. ಸಾಫ್ಟ್‌ವೇರ್ ಎಡವಿದರೆ, ಕಾರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿದೊಡನೆ ಎಲ್ಲ ಗುರುತೂ ಅಳಿಸಿಹೋಗಬಹುದು. ಹಾಗಿರುವಾಗ ದೋಷ ಇತ್ತೆಂದು ಯಾರು ಸಾಬೀತು ಮಾಡಬೇಕು, ಇರಲಿಲ್ಲವೆಂದು ಯಾರು?

ಆರಂಭದ ದಶಕಗಳನ್ನು ಚುಟುಕಾಗಿ ಹೇಳಬಹುದು. ಅಮೆರಿಕದ ಬೆಂಡಿಕ್ಸ್ ಕಂಪನಿಯ ಎಲೆಕ್ಟ್ರಾನಿಕ್ ಇಂಧನ ಇಂಜೆಕ್ಷನ್ 1958ರ ಕೆಲವು ಕ್ರೈಸ್ಲರ್ ಕಾರುಗಳಲ್ಲಿ ಬಂತು, ಆದರೆ ತೊಂದರೆ ತಾಳಲಾರದೆ ಅವುಗಳಲ್ಲಿ ಹೆಚ್ಚಿನವಕ್ಕೆ ಮರಳಿ ಕಾರ್ಬ್ಯುರೇಟರ್ ಕೂರಿಸಬೇಕಾಯಿತು. 1970ರಲ್ಲಿ ಬಿಗಿಯಾದ ಅಮೆರಿಕದ ವಾಯುಮಾಲಿನ್ಯ ಕಾನೂನು ಮೈಕ್ರೊಪ್ರೊಸೆಸರನ್ನು ಎಂಜಿನ್ ಬಳಿಗೆ ತಂದಿತು: ಜನರಲ್ ಮೋಟರ್ಸ್ 1977ರ ಓಲ್ಡ್ಸ್‌ಮೊಬೈಲ್ ಟೊರೊನಾಡೊದಲ್ಲಿ ಇಗ್ನಿಷನ್ ಸಮಯವನ್ನು ಅದರ ಕೈಗೊಪ್ಪಿಸಿತು. ಮರುವರ್ಷ ಬಾಷ್ ಕಂಪನಿಯ ಎಬಿಎಸ್ ಮರ್ಸಿಡಿಸ್ ಎಸ್-ಕ್ಲಾಸ್‌ನಲ್ಲಿ ಕಾಣಿಸಿಕೊಂಡಿತು. 1986ರಲ್ಲಿ ಅದೇ ಬಾಷ್, ಕಾರಿನೊಳಗಿನ ಕಂಪ್ಯೂಟರ್‌ಗಳು ಒಂದೇ ತಂತಿ ಜೋಡಿಯಲ್ಲಿ ಮಾತಾಡಿಕೊಳ್ಳುವ ಕ್ಯಾನ್ ಜಾಲವನ್ನು ಡೆಟ್ರಾಯಿಟ್‌ನಲ್ಲಿ ಪ್ರಕಟಿಸಿತು. ಈ ಜಾಲದಲ್ಲಿ ಸಂದೇಶ ಯಾರು ಕಳಿಸಿದ್ದು ಎಂದು ಖಚಿತಪಡಿಸಿಕೊಳ್ಳುವ ಏರ್ಪಾಡು ಇರಲಿಲ್ಲ. ಕಾರು ಹೊರಲೋಕದ ಸಂಪರ್ಕವೇ ಇಲ್ಲದ ಯಂತ್ರವಾಗಿದ್ದ ಕಾಲದಲ್ಲಿ ಅದು ಕೊರತೆ ಎಂದು ಯಾರಿಗೂ ಅನ್ನಿಸಿರಲಿಲ್ಲ.

ಪುರಾವೆಯ ಪ್ರಶ್ನೆ ಮೊದಲು ದೊಡ್ಡದಾಗಿ ಎದ್ದದ್ದು ಆಡಿ 5000 ಕಾರಿನ ವಿಚಾರದಲ್ಲಿ. ಚಾಲಕ ಬಯಸದಿದ್ದರೂ ಕಾರು ಮುನ್ನುಗ್ಗುತ್ತದೆ ಎಂಬ ದೂರುಗಳು 1986ರಲ್ಲಿ ಅಮೆರಿಕದ ದೂರದರ್ಶನದಲ್ಲಿ ಪ್ರಸಾರವಾಗಿ ಆಡಿಯ ಮಾರಾಟ ನೆಲಕಚ್ಚಿತು. 1989ರಲ್ಲಿ ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಪ್ರಕಟಿಸಿದ ಅಧ್ಯಯನ, ಚಾಲಕರು ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ಒತ್ತಿದ್ದೇ ಮುಖ್ಯ ಕಾರಣ ಎಂದಿತು. ಆ ತೀರ್ಮಾನದ ಇನ್ನೊಂದು ಭಾಗವನ್ನು ಬಹುತೇಕ ಬರಹಗಳು ಬಿಟ್ಟುಬಿಡುತ್ತವೆ: ಎಂಜಿನ್ ಸುಮ್ಮನೆ ಓಡುವಾಗಿನ ವೇಗವನ್ನು ನಿಯಂತ್ರಿಸುವ ಭಾಗದ ದೋಷದಿಂದ ಉಂಟಾದ ಹಠಾತ್ ಏರಿಕೆ ಚಾಲಕರನ್ನು ಬೆಚ್ಚಿಬೀಳಿಸಿ ತಪ್ಪು ಪೆಡಲ್‌ನತ್ತ ದೂಡಿರಬಹುದೆಂದೂ ಅಧ್ಯಯನ ಹೇಳಿತ್ತು. ತಪ್ಪು ಮನುಷ್ಯನದೋ ಯಂತ್ರದ್ದೋ ಎಂಬ ಎರಡೇ ಆಯ್ಕೆಗಳ ನಡುವೆ ಎರಡೂ ಸೇರಿರಬಹುದಾದ ಮೂರನೆಯ ಸಾಧ್ಯತೆ ಅಲ್ಲೇ ದಾಖಲಾಗಿತ್ತು.

ಮೂಲಗಳಲ್ಲಿ ಅತಿ ಹೆಚ್ಚು ಗೊಂದಲ ಇರುವುದು ಟೊಯೊಟಾ ಪ್ರಕರಣದ ಬಗ್ಗೆ. ಕಂಪನಿಯ ಕ್ಯಾಮ್ರಿ 2002ರ ಮಾದರಿಯಿಂದ ಎಲೆಕ್ಟ್ರಾನಿಕ್ ಥ್ರಾಟಲ್‌ಗೆ ಬದಲಾಯಿತು. ಪೆಡಲ್‌ಗೂ ಎಂಜಿನ್‌ಗೂ ಇದ್ದ ಕೇಬಲ್ ಹೋಗಿ, ನಡುವೆ ಸೆನ್ಸರ್ ಮತ್ತು ಕಂಪ್ಯೂಟರ್ ಬಂದವು. 2009ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಟೊಯೊಟಾದ್ದೇ ಆದ ಲೆಕ್ಸಸ್ ಕಾರೊಂದು ಹತೋಟಿ ಮೀರಿ ವೇಗ ಪಡೆದು ನಾಲ್ವರನ್ನು ಬಲಿತೆಗೆದುಕೊಂಡ ನಂತರ, ಪೆಡಲ್‌ಗೆ ಸಿಕ್ಕಿಕೊಳ್ಳುವ ನೆಲದ ಮ್ಯಾಟ್ ಹಾಗೂ ಒತ್ತಿದಲ್ಲೇ ನಿಲ್ಲುವ ಪೆಡಲ್‌ಗಳಿಗಾಗಿ ಲಕ್ಷಗಟ್ಟಲೆ ಕಾರುಗಳನ್ನು ಹಿಂದಕ್ಕೆ ಕರೆಸಲಾಯಿತು. ಎಲೆಕ್ಟ್ರಾನಿಕ್ಸ್‌ನಲ್ಲೂ ದೋಷವಿದೆಯೇ ಎಂದು ನೋಡಲು ಎನ್‌ಎಚ್‌ಟಿಎಸ್‌ಎ ನಾಸಾದ ಎಂಜಿನಿಯರುಗಳ ನೆರವು ಕೇಳಿತು. 2011ರ ಫೆಬ್ರುವರಿಯಲ್ಲಿ ವರದಿ ಹೊರಬಿದ್ದಾಗ, ಎಲೆಕ್ಟ್ರಾನಿಕ್ ಕಾರಣ ಇಲ್ಲವೆಂದು ನಾಸಾ ಹೇಳಿದೆ ಎಂದೇ ಸುದ್ದಿಯಾಯಿತು. ವರದಿಯ ಮಾತು ಅಷ್ಟು ಸರಳವಾಗಿರಲಿಲ್ಲ. ಇಂಥ ಹಠಾತ್ ವೇಗಕ್ಕೆ ಎಲೆಕ್ಟ್ರಾನಿಕ್ಸ್ ಕಾರಣ ಎಂಬುದಕ್ಕೆ ಪುರಾವೆ ಸಿಗಲಿಲ್ಲ, ಸಿಗದಿರುವುದರಿಂದ ಅದು ಅಸಾಧ್ಯವೆಂದಾಗದು ಎಂದು ಅದು ಎಚ್ಚರಿಸಿತ್ತು. ದೂರು ಬಂದ ಒಂದು ಕಾರಿನ ಪೆಡಲ್ ಸೆನ್ಸರ್‌ನಲ್ಲಿ, ತವರದ ಲೇಪದಿಂದ ತಾನಾಗಿ ಬೆಳೆಯುವ ಕೂದಲಿನಂಥ ಎಳೆಗಳು ಶಾರ್ಟ್ ಸರ್ಕ್ಯೂಟ್ ಮಾಡಿದ್ದನ್ನೂ ದಾಖಲಿಸಿತ್ತು.

ಈ ಪ್ರಕರಣದ ಎರಡನೆಯ ಅಧ್ಯಾಯ ನಡೆದದ್ದು ಒಕ್ಲಹೋಮಾದ ನ್ಯಾಯಾಲಯದಲ್ಲಿ. 2007ರಲ್ಲಿ ಅಪಘಾತಕ್ಕೀಡಾದ 2005ರ ಮಾದರಿಯ ಕ್ಯಾಮ್ರಿಯಲ್ಲಿ ಚಾಲಕಿ ತೀವ್ರವಾಗಿ ಗಾಯಗೊಂಡು, ಜೊತೆಗಿದ್ದ ಪ್ರಯಾಣಿಕರೊಬ್ಬರು ಮೃತಪಟ್ಟಿದ್ದರು. ಅರ್ಜಿದಾರರ ಪರ ತಜ್ಞ ಮೈಕೆಲ್ ಬಾರ್ ಬಿಗಿ ಕಾವಲಿನ ಕೋಣೆಯೊಂದರಲ್ಲಿ ಕುಳಿತು ಟೊಯೊಟಾದ ಮೂಲ ಕೋಡ್ ಓದಿ 2013ರಲ್ಲಿ ಸಾಕ್ಷ್ಯ ನುಡಿದರು. ಅವರ ಪ್ರಕಾರ, ಥ್ರಾಟಲ್ ಎಷ್ಟು ತೆರೆಯಬೇಕೆಂಬ ಲೆಕ್ಕ ಮತ್ತು ತಪ್ಪಾದಾಗ ಕಾಯಬೇಕಾದ ಹಲವು ರಕ್ಷಣೆಗಳು ಒಂದೇ ಪ್ರೋಗ್ರಾಂ ತುಣುಕಿನಲ್ಲಿದ್ದವು. ಮೆಮೊರಿಯ ಒಂದೇ ಒಂದು ಬಿಟ್ ಮಗುಚಿದರೂ ಆ ತುಣುಕು ನಿಂತುಹೋಗಬಲ್ಲದು, ಕಾವಲಿಗಿಟ್ಟ ವಾಚ್‌ಡಾಗ್ ಅದನ್ನು ಗಮನಿಸದು. ಮುಖ್ಯ ಮೆಮೊರಿಯಲ್ಲಿ ದೋಷ ಪತ್ತೆಯ ರಕ್ಷಣೆ ಇದೆಯೆಂದು ನಾಸಾ ನಂಬಿತ್ತು, ಈ ಮಾದರಿಯಲ್ಲಿ ಅದು ಇರಲಿಲ್ಲ ಎಂದೂ ಅವರು ಹೇಳಿದರು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಫಿಲಿಪ್ ಕೂಪ್‌ಮನ್ ಸಹ ಸುರಕ್ಷತಾ ವಿನ್ಯಾಸದ ಕೊರತೆಗಳನ್ನು ವಿವರಿಸಿದರು. ಟೊಯೊಟಾ ಅಸಡ್ಡೆಯಿಂದ ನಡೆದುಕೊಂಡಿದೆ ಎಂದು ಜ್ಯೂರಿ ತೀರ್ಮಾನಿಸಿ 30 ಲಕ್ಷ ಡಾಲರ್ ಪರಿಹಾರ ವಿಧಿಸಿತು. ದಂಡದ ಮೊತ್ತ ನಿರ್ಧಾರವಾಗುವ ಮೊದಲೇ ಎರಡೂ ಕಡೆಯವರು ರಾಜಿಯಾದರು.

ಈ ಎರಡು ಅಧ್ಯಾಯಗಳಿಂದ ಪರಸ್ಪರ ವಿರುದ್ಧವಾದ ಎರಡು ಜನಪ್ರಿಯ ಕಥೆಗಳು ಹುಟ್ಟಿದವು: ಒಂದರಲ್ಲಿ ನಾಸಾ ಟೊಯೊಟಾವನ್ನು ದೋಷಮುಕ್ತ ಮಾಡಿತು, ಇನ್ನೊಂದರಲ್ಲಿ ಸಾಫ್ಟ್‌ವೇರ್ ಜನರನ್ನು ಕೊಂದದ್ದು ಸಾಬೀತಾಯಿತು. ಎರಡನ್ನೂ ದಾಖಲೆಗಳು ಎತ್ತಿಹಿಡಿಯುವುದಿಲ್ಲ. 2014ರಲ್ಲಿ ಟೊಯೊಟಾ ಅಮೆರಿಕ ಸರ್ಕಾರಕ್ಕೆ ಕಟ್ಟಲೊಪ್ಪಿದ 120 ಕೋಟಿ ಡಾಲರನ್ನು ಸಾಫ್ಟ್‌ವೇರ್ ದೋಷಕ್ಕಾಗಿನ ದಂಡವೆಂದು ಬರೆಯುವುದೂ ತಪ್ಪು. ಅದು ಮ್ಯಾಟ್ ಮತ್ತು ಪೆಡಲ್‌ಗಳ ಬಗ್ಗೆ ಗ್ರಾಹಕರ ದಾರಿತಪ್ಪಿಸಿದ್ದಕ್ಕೆ. ಬಾರ್ ತೋರಿಸಿದ ವೈಫಲ್ಯ ಬೇಕೆಂದೇ ಬಿಟ್ ಮಗುಚಿ ಉಂಟುಮಾಡಿದ್ದು, ರಸ್ತೆಯಲ್ಲಿ ಹಾಗೆ ಆದದ್ದಕ್ಕೆ ನೇರ ಸಾಕ್ಷಿ ಇಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಎನ್‌ಎಚ್‌ಟಿಎಸ್‌ಎ ಪರಿಶೀಲಿಸಿದ ಅಪಘಾತ ದಾಖಲೆ ಪೆಟ್ಟಿಗೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಬ್ರೇಕ್ ಒತ್ತಿಯೇ ಇರಲಿಲ್ಲವೆಂದು ತೋರಿಸಿದ್ದೂ ನಿಜ. ಬಹುಪಾಲು ಘಟನೆಗಳಿಗೆ ತಪ್ಪು ಪೆಡಲ್ ಕಾರಣ ಎಂಬ ವಿವರಣೆಯೇ ಹೆಚ್ಚು ಸಂಭವನೀಯ. ಆದರೆ ಸುರಕ್ಷತಾ ಶಾಸ್ತ್ರ ಕೇಳುವ ಪ್ರಶ್ನೆ ಬೇರೆ. ಈ ಅಪಘಾತದಲ್ಲಿ ಹೀಗಾಯಿತೇ ಎಂಬುದಕ್ಕೆ ಉತ್ತರ ಸಿಗದಿದ್ದರೂ, ಒಂದೇ ದೋಷದಿಂದ ನಿಯಂತ್ರಣವೂ ಕಾವಲೂ ಒಟ್ಟಿಗೆ ಬೀಳುವಂತೆ ವಿನ್ಯಾಸ ಮಾಡಬಹುದೇ ಎಂಬುದಕ್ಕೆ ಉತ್ತರವಿದೆ, ಅದು ಕೂಡದು ಎಂಬುದೇ. ಕೋಟ್ಯಂತರ ಗಂಟೆ ಓಡುವ ಯಂತ್ರಸಮೂಹದಲ್ಲಿ ಅತಿ ವಿರಳ ದೋಷವೂ ಎಲ್ಲಾದರೂ ಒಮ್ಮೆ ಸಂಭವಿಸುತ್ತದೆ. ಪರೀಕ್ಷೆಯಲ್ಲಿ ಅದು ಮರುಕಳಿಸಲಿಲ್ಲ ಎಂಬುದು ಭರವಸೆಗೆ ಆಧಾರವಾಗದು. ದಾಖಲೆ ಪೆಟ್ಟಿಗೆಯೂ ಪೂರ್ಣ ಸ್ವತಂತ್ರ ಸಾಕ್ಷಿಯಲ್ಲ, ಏಕೆಂದರೆ ಅದು ಬರೆದಿಡುವುದು ಕಾರಿನ ವ್ಯವಸ್ಥೆಗಳು ತನಗೆ ತಲುಪಿಸಿದ ಮಾಹಿತಿಯನ್ನು.

ವಿನ್ಯಾಸ ಸುರಕ್ಷಿತವೆಂದು ಸಾಬೀತು ಮಾಡುವ ಹೊರೆಯನ್ನು ತಯಾರಕರ ಮೇಲೆ ಹೊರಿಸಿದ್ದು 2011ರಲ್ಲಿ ಪ್ರಕಟವಾದ ಐಎಸ್‌ಒ 26262 ಮಾನಕ. 1998ರ ಬ್ರಿಟನ್ನಿನ ಮಿಸ್ರಾ-ಸಿ ನಿಯಮಗಳು ಕೋಡ್ ಬರೆಯುವ ಶಿಸ್ತನ್ನು ಹೇಳಿದ್ದವು. ಇದಾದರೋ ಪ್ರತಿ ಅಪಾಯವನ್ನು ಅಳೆದು, ಅದಕ್ಕೆ ತಕ್ಕ ರಕ್ಷಣೆಯನ್ನು ವಾದ ಮತ್ತು ದಾಖಲೆಗಳ ಮೂಲಕ ತೋರಿಸಬೇಕೆಂದಿತು. ಹೆಚ್ಚಿನ ದೇಶಗಳಲ್ಲಿ ಅದು ಕಾನೂನಲ್ಲ, ಉದ್ಯಮದ ಒಪ್ಪಿತ ಮಟ್ಟ ಮಾತ್ರ.

ಕಾರು ಹೊರಲೋಕದ ಸಂಪರ್ಕಕ್ಕೆ ತೆರೆದುಕೊಂಡ ಮೇಲೆ, 2015ರಲ್ಲಿ ಭದ್ರತಾ ಸಂಶೋಧಕರಾದ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಲಸೆಕ್ ಓಡುತ್ತಿದ್ದ ಜೀಪ್ ಚೆರೋಕಿಯನ್ನು ಮೊಬೈಲ್ ಜಾಲದ ಮೂಲಕ ದೂರದಿಂದಲೇ ಹತೋಟಿಗೆ ತೆಗೆದುಕೊಂಡು ತೋರಿಸಿದ್ದು ಬಹು ಪ್ರಸಿದ್ಧ. 14 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಸಲಾಯಿತು. ವಾಷಿಂಗ್ಟನ್ ವಿಶ್ವವಿದ್ಯಾಲಯ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಕ್ಯಾಂಪಸ್‌ನ ಸಂಶೋಧಕರು 2010 ಮತ್ತು 2011ರಲ್ಲೇ ಕ್ಯಾನ್ ಜಾಲದ ಆ ಹಳೆಯ ಕೊರತೆಯನ್ನು ಬಯಲು ಮಾಡಿದ್ದರು, ಆದರೆ ಕಾರಿನ ಹೆಸರು ಹೇಳಿರಲಿಲ್ಲ.

ಅಷ್ಟು ಗಮನ ಪಡೆಯದ, ಆದರೆ ಮುಂದಿನ ದಿನಗಳಿಗೆ ಹೆಚ್ಚು ಮುಖ್ಯವಾದ ಪ್ರಕರಣ ಟೆಸ್ಲಾದ ಪರದೆಯದು. ಮಾಡೆಲ್ ಎಸ್ ಮತ್ತು ಎಕ್ಸ್‌ನ ಹಳೆಯ ಕಾರುಗಳಲ್ಲಿದ್ದ 8 ಜಿಬಿ ಫ್ಲ್ಯಾಶ್ ಮೆಮೊರಿ, ಮತ್ತೆ ಮತ್ತೆ ಬರೆದು ಅಳಿಸುವುದರಿಂದ ಕೆಲವೇ ವರ್ಷಗಳಲ್ಲಿ ಸವೆಯುತ್ತಿತ್ತು. ಆಗ ಪರದೆ ಕಪ್ಪಾಗಿ ಹಿಂಬದಿಯ ಕ್ಯಾಮೆರಾ ನೋಟ, ಗಾಜಿನ ಮಂಜು ಕರಗಿಸುವ ನಿಯಂತ್ರಣ ಎಲ್ಲವೂ ಹೋಗುತ್ತಿದ್ದವು. 2021ರಲ್ಲಿ ಎನ್‌ಎಚ್‌ಟಿಎಸ್‌ಎ ಒತ್ತಾಯಿಸಿದ ಮೇಲೆ ಸುಮಾರು 1,35,000 ಕಾರುಗಳನ್ನು ಹಿಂದಕ್ಕೆ ಕರೆಸಿದ ಕಂಪನಿ, ಇಂಥ ಬಿಡಿಭಾಗ ವಾಹನದ ಆಯುಷ್ಯವಿಡೀ ಬಾಳಬೇಕೆಂದು ನಿರೀಕ್ಷಿಸುವುದು ಸರಿಯಲ್ಲ ಎಂದು ವಾದಿಸಿತು. ಟೈರು, ಬ್ರೇಕ್ ಪ್ಯಾಡು ಸವೆಯುವುದಿಲ್ಲವೇ ಎಂದು ಆ ವಾದವನ್ನು ಬೆಂಬಲಿಸಬಹುದು. ಆದರೆ ಅವುಗಳ ಸವಕಳಿ ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳುತ್ತದೆ, ಬದಲಿಸುವ ಅವಧಿ ಮಾಲೀಕರಿಗೆ ಗೊತ್ತಿರುತ್ತದೆ. ಮೆಮೊರಿಯ ಸವಕಳಿಗೆ ಇವಾವುವೂ ಇರಲಿಲ್ಲ. ಅದನ್ನು ಮುಂಚಿತವಾಗಿ ಲೆಕ್ಕಹಾಕಬಲ್ಲವರು ತಯಾರಕರು ಮಾತ್ರ.

ಸೈಬರ್ ಸುರಕ್ಷತೆಗೆ ಆರ್155, ಸಾಫ್ಟ್‌ವೇರ್ ಅಪ್‌ಡೇಟ್‌ಗೆ ಆರ್156 ಎಂಬ ವಿಶ್ವಸಂಸ್ಥೆಯ ನಿಯಮಗಳು 2020ರಲ್ಲಿ ಅಂಗೀಕಾರವಾಗಿ, ಯುರೋಪಿನಲ್ಲಿ 2024ರ ಜುಲೈಯಿಂದ ಹೊಸ ಕಾರುಗಳೆಲ್ಲಕ್ಕೂ ಅನ್ವಯವಾಗಿವೆ. ಭಾರತದಲ್ಲಿ ಅದೇ ವಿಷಯಗಳಿಗೆ ಎಐಎಸ್ 189 ಮತ್ತು 190 ಮಾನಕಗಳು ರೂಪುಗೊಂಡಿವೆ. ಬಾಷ್ ಮತ್ತು ಮರ್ಸಿಡಿಸ್-ಬೆಂಜ್‌ನ ದೊಡ್ಡ ಎಂಜಿನಿಯರಿಂಗ್ ಕೇಂದ್ರಗಳು ಬೆಂಗಳೂರಿನಲ್ಲಿರುವುದರಿಂದ ಈ ನಿಯಮಗಳಿಗೆ ತಕ್ಕ ಕೋಡ್ ಬರೆಯುವ, ಪರೀಕ್ಷಿಸುವ ಕೆಲಸದ ಒಂದು ಪಾಲು ಕರ್ನಾಟಕದಲ್ಲೇ ನಡೆಯುತ್ತದೆ. ಆರ್156 ಪ್ರಕಾರ ಯಾವ ವಾಹನದಲ್ಲಿ ಯಾವ ಆವೃತ್ತಿಯ ಸಾಫ್ಟ್‌ವೇರ್ ಇದೆ ಎಂಬುದನ್ನು ತಯಾರಕರು ಗುರುತಿಸಿಡಬೇಕು. ನಿಸ್ತಂತು ಸಂಪರ್ಕದ ಮೂಲಕವೇ ಅಪ್‌ಡೇಟ್ ಬರುವ ಈ ಕಾಲದಲ್ಲಿ, ಅಪಘಾತದ ದಿನ ಓಡುತ್ತಿದ್ದ ಕೋಡ್ ಯಾವುದು ಎಂದು ತಿಳಿಯಲು ತನಿಖೆಗಾರರಿಗೆ ಇರುವ ಮೊದಲ ಆಧಾರ ಈ ದಾಖಲೆ.