ಮಗುವಿನ ಮೊದಲ ಶಾಲೆ: ಮಕ್ತಬಿನಿಂದ ಅಂಗನವಾಡಿಯವರೆಗೆ

ಮೂರು ವರ್ಷ ತುಂಬಿದ ಮಗುವನ್ನು ಎಲ್ಲಿಗೆ ಕಳುಹಿಸಬೇಕು? ಊರಿನ ಅಂಗನವಾಡಿಗೋ, ದೀನೀ ವಾತಾವರಣದ ಖಾಸಗಿ ನರ್ಸರಿಗೋ, ಪಟ್ಟಣದ ಕಾನ್ವೆಂಟಿಗೋ? ಜೂನ್ ಸಮೀಪಿಸಿದಂತೆ ಜೊಯಿಡಾ ಭಾಗದ ಪಾಲಕರನ್ನು ಕಾಡುವ ಪ್ರಶ್ನೆಯಿದು. ಇದು ಇಂದಿನ ಸಮಸ್ಯೆಯೆಂದು ನಾವು ಭಾವಿಸಿದ್ದೇವೆ. ಆದರೆ ಮಗುವಿನ ಮೊದಲ ಅಕ್ಷರವೂ ಧರ್ಮವೂ ಶತಮಾನಗಳಿಂದ ಜೊತೆಯಾಗಿಯೇ ಸಾಗಿಬಂದಿವೆ.

ಭಾರತದ ಅನೇಕ ಮುಸ್ಲಿಮ್ ಮನೆತನಗಳಲ್ಲಿ ಮಗುವಿಗೆ 4 ವರ್ಷ, 4 ತಿಂಗಳು, 4 ದಿನ ತುಂಬಿದಾಗ 'ಬಿಸ್ಮಿಲ್ಲಾ ಖ್ವಾನಿ' ನಡೆಸುವ ರೂಢಿಯಿತ್ತು. ಅಂದಿನಿಂದ ಮಸೀದಿಯ ಮಕ್ತಬ್ ಅದರ ಶಾಲೆಯಾಗುತ್ತಿತ್ತು. ನೆರೆಮನೆಯ ಹಿಂದೂ ಮಗು ಐಗಳ ಮಠಕ್ಕೆ ಹೋಗಿ ಮರಳಿನ ಮೇಲೆ ಅಕ್ಷರ ತಿದ್ದುತ್ತಿತ್ತು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಮಿಷನ್ ಶಾಲೆಗಳು ಹರಡಿದವು. ಸನ್ಯಾಸಿನಿಯರ ವಾಸಸ್ಥಾನವನ್ನು ಸೂಚಿಸುವ 'ಕಾನ್ವೆಂಟ್' ಎಂಬ ಪದ ನಮ್ಮಲ್ಲಿ ಇಂಗ್ಲಿಷ್ ಶಾಲೆಯ ಹೆಸರೇ ಆಗಿಬಿಟ್ಟಿತು. ಮಕ್ತಬ್, ಮಠ, ಕಾನ್ವೆಂಟ್ ಮೂರೂ ಧರ್ಮದ ಅಂಗಳದಲ್ಲಿ ಬೆಳೆದ ಶಾಲೆಗಳೇ.

ಹಾಗೆಂದು ಧರ್ಮದ ಹೆಸರಿದ್ದರೆ ಸಾಕೆಂದು ನಮ್ಮ ವಿದ್ವಾಂಸರು ಹೇಳಲಿಲ್ಲ. 1111ರಲ್ಲಿ ನಿಧನರಾದ ಇಮಾಮ್ ಗಝಾಲಿಯವರು ಮಗುವನ್ನು ಪಾಲಕರ ಕೈಯಲ್ಲಿರುವ ಅಮಾನತ್ ಎಂದು ಕಂಡರು. ಮಕ್ತಬಿನ ಪಾಠ ಮುಗಿದ ಮೇಲೆ ಮಗುವನ್ನು ಆಡಲು ಬಿಡಬೇಕು, ಸದಾ ಓದಿಗೆ ಕಟ್ಟಿಹಾಕಿದರೆ ಮನಸ್ಸು ಬತ್ತುತ್ತದೆ ಎಂದು ಎಚ್ಚರಿಸಿದರು. ಇಬ್ನ್ ಖಲ್ದೂನ್ (1332–1406) ತಮ್ಮ 'ಮುಖದ್ದಿಮಾ'ದಲ್ಲಿ, ಕಠೋರ ಶಿಕ್ಷೆಯಿಂದ ಮಗು ಸುಳ್ಳು ಮತ್ತು ಸೋಮಾರಿತನ ಕಲಿಯುತ್ತದೆ ಎಂದರು. ಎಳೆಯ ಮಗುವಿಗೆ ಮೊದಲು ಕುರ್‌ಆನ್ ಕಲಿಸಬೇಕೇ, ಭಾಷೆ ಮತ್ತು ಲೆಕ್ಕ ಕಲಿಸಬೇಕೇ ಎಂಬ ಚರ್ಚೆಯನ್ನೂ ಅವರು ದಾಖಲಿಸಿದ್ದಾರೆ. ನಾವು ಇಂದು ನಡೆಸುವ ವಾದ ಆಗಲೇ ಇತ್ತು!

ಆಟದ ಮೂಲಕ ಪಾಠ ಎಂಬ ವಿಚಾರ ಯುರೋಪಿನಲ್ಲಿ ಸಂಸ್ಥೆಯ ರೂಪ ಪಡೆದದ್ದು ಬಹಳ ನಂತರ. ಫ್ರೋಬೆಲ್ 1840ರಲ್ಲಿ ಕಿಂಡರ್‌ಗಾರ್ಟನ್ ಎಂಬ ಹೆಸರನ್ನಿತ್ತರು. ಮಾರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮಿನ ಬಡವರ ಬಡಾವಣೆಯಲ್ಲಿ ಮಕ್ಕಳ ಮನೆ ತೆರೆದರು. ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಸ್ಥಾಪಿಸಿದರು.

ನಮ್ಮ ಸಮುದಾಯವೂ ಕೈಕಟ್ಟಿ ಕೂರಲಿಲ್ಲ. ಸರ್ ಸಯ್ಯದ್ ಅಹ್ಮದ್ ಖಾನರು 1875ರಲ್ಲಿ ಅಲೀಗಢದಲ್ಲಿ ಆರಂಭಿಸಿದ ಶಾಲೆ ದೀನೀ ಮತ್ತು ಲೌಕಿಕ ಶಿಕ್ಷಣವನ್ನು ಒಂದೇ ಸೂರಿನಡಿ ತಂದಿತು. ನಮ್ಮದೇ ಜಿಲ್ಲೆಯ ಭಟ್ಕಳದಲ್ಲಿ 1919ರಲ್ಲಿ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಹುಟ್ಟಿತು.

ಕಡಲತೀರದ ಭಟ್ಕಳದ ಮಾತು ಘಟ್ಟದ ಮೇಲಿನ ಜೊಯಿಡಾಕ್ಕೆ ಹಾಗೆಯೇ ಹೊಂದುವುದಿಲ್ಲ. ಹಳೆಯ ತಾಲೂಕು ಕೇಂದ್ರ ಸೂಪಾ ಕಾಳಿ ನದಿಯ ಹಿನ್ನೀರಿನಲ್ಲಿ ಮುಳುಗಿತು. ಇಲ್ಲಿ ಕಾಡಿನ ನಡುವೆ ಮನೆಗಳು ಚದುರಿವೆ. ದೂರದ ನರ್ಸರಿಗೆ ಹೋಗುವ ಮಗು ನಿದ್ದೆಗಣ್ಣಿನಲ್ಲೇ ವಾಹನ ಹತ್ತಬೇಕು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿ ಇಂಥ ಊರುಗಳಿಗೆ ಆಟ–ಪಾಠದ ಜೊತೆ ಪೌಷ್ಟಿಕ ಆಹಾರ, ಚುಚ್ಚುಮದ್ದನ್ನೂ ತಂದಿತು. ಅಲ್ಲಿ ಉರ್ದು, ಕೊಂಕಣಿ, ಮರಾಠಿ ಮನೆಮಾತಿನ ಮಕ್ಕಳು ಒಟ್ಟಿಗೆ ಕನ್ನಡ ಕಲಿಯಬಲ್ಲರು. ದೀನೀ ಪಾಠಕ್ಕೆ ಮನೆಯೂ ಮಕ್ತಬೂ ಇವೆ.

ಕಾನೂನು ಆಯ್ಕೆಯನ್ನು ನಮಗೇ ಬಿಟ್ಟಿದೆ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ಶಿಕ್ಷಣ ಸಂಸ್ಥೆ ನಡೆಸುವ ಹಕ್ಕನ್ನು ಕೊಟ್ಟರೆ, 28(3)ನೇ ವಿಧಿಯಂತೆ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಗಳು ಪಾಲಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ಈ ಎರಡನೆಯ ಹಕ್ಕು ಬಹಳ ಪಾಲಕರಿಗೆ ತಿಳಿದೇ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಕಡ್ಡಾಯ ಶಿಕ್ಷಣ ಆರನೇ ವಯಸ್ಸಿನಿಂದ ಆರಂಭ. ಆದ್ದರಿಂದ ಅದಕ್ಕೆ ಮುಂಚಿನ ವರ್ಷಗಳ ಹೊಣೆ ಹೆಚ್ಚಾಗಿ ಪಾಲಕರದೇ.

ಶುಲ್ಕ ಕಟ್ಟುವ ಮುನ್ನ ಶಾಲೆಗೊಮ್ಮೆ ಹೋಗಿ ನೋಡಿ. ಶಿಕ್ಷಕಿಗೆ ತರಬೇತಿ ಇದೆಯೇ? ಕೈಯಲ್ಲಿ ಬೆತ್ತವಿದೆಯೇ? ಮಗುವಿನ ಮನೆಮಾತು ಅವರಿಗೆ ಅರ್ಥವಾಗುತ್ತದೆಯೇ? ಆಡಲು ಅಂಗಳವಿದೆಯೇ? ಬೋರ್ಡಿನ ಮೇಲೆ ಇಸ್ಲಾಮಿಕ್ ಎಂದಿದ್ದು ಒಳಗೆ ಮಗು ಹೆದರಿ ಕುಳಿತಿದ್ದರೆ ಅದು ಗಝಾಲಿಯವರ ಮಕ್ತಬ್ ಅಲ್ಲ. ಸಮುದಾಯದ ಸಂಸ್ಥೆಗಳನ್ನು ಬೆಳೆಸೋಣ, ಆದರೆ ಅಮಾನತ್ತನ್ನು ಕಣ್ಣುಮುಚ್ಚಿ ಒಪ್ಪಿಸದಿರೋಣ.